ಯಂತ್ರದೊಳಗಿನ ಬಸ್ಸು, ಅದರ ಡ್ರೈವರು

ಬಸ್ ಡ್ರೈವರ್ ಎಂದೊಡನೆ ಖಾಕಿ ಉಡುಪು ತೊಟ್ಟು, ದೊಡ್ಡ ಚಕ್ರವನ್ನು ಹಿಡಿದು ಕುಳಿತವರೊಬ್ಬರು ಕಣ್ಣ ಮುಂದೆ ಬರುವುದು ಸಹಜ. ಈ ಹೊತ್ತು ನಾನು ಹೇಳಹೊರಟಿರುವ ಬಸ್ಸು ಇದ್ದಲ್ಲಿಯೇ ಇರುತ್ತದೆ. ಅದರ ಡ್ರೈವರು ಅದರೊಳಗೆ ಕೂರುವುದಿಲ್ಲ. ಆದರೂ ಹೆಸರು ಸುಮ್ಮನೆ ಬಂದುದಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಬಸ್’ ಎಂದರೆ ‘ಎಲ್ಲರಿಗಾಗಿ’ ಎಂದರ್ಥ. ಕೇಳಿದವರನ್ನೆಲ್ಲ ಹತ್ತಿಸಿಕೊಳ್ಳುವ ಗಾಡಿಗೆ ಫ್ರಾನ್ಸಿನಲ್ಲಿ ಆ ಹೆಸರು ಬಂತು. ಅದರ ಬಾಲವನ್ನಷ್ಟೇ ಉಳಿಸಿಕೊಂಡು ನಾವು ‘ಬಸ್ಸು’ ಎಂದೆವು. ವಿದ್ಯುತ್ ಎಂಜಿನಿಯರುಗಳು ಹಲವು ಸಂಪರ್ಕಗಳಿಗೆ ಒಂದೇ ದಪ್ಪ ತಾಮ್ರದ ಪಟ್ಟಿಯನ್ನು ಹಾಕಿ ಅದನ್ನು ‘ಬಸ್ ಬಾರ್’ ಎಂದು ಕರೆದರು. ಕಂಪ್ಯೂಟರು ಕಟ್ಟಿದವರು ಅವರಿಂದ ಅದನ್ನು ಪಡೆದರು. ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿ ೧೯೭೦ರಲ್ಲಿ ಹೊರತಂದ ಪಿಡಿಪಿ-೧೧ ಎಂಬ ಯಂತ್ರದಲ್ಲಿ ಇದ್ದುದು ‘ಯುನಿಬಸ್’: ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನ ಉಪಕರಣಗಳು, ಎಲ್ಲಕ್ಕೂ ಒಂದೇ ತಂತಿಗಳ ಸಾಲು.

ಕಂಪ್ಯೂಟರಿನ ಬಸ್ಸು ಎಂದರೆ ಇಷ್ಟೇ. ಪ್ರೊಸೆಸರಿಗೂ ಕೀಲಿಮಣೆ, ಡಿಸ್ಕು, ಕ್ಯಾಮರಾ ಮುಂತಾದ ಉಪಕರಣಗಳಿಗೂ ನಡುವೆ ಇರುವ ಹಂಚಿಕೆಯ ದಾರಿ, ಮತ್ತು ಆ ದಾರಿಯಲ್ಲಿ ಯಾರು ಯಾವಾಗ ಮಾತನಾಡಬೇಕೆಂಬ ಕಟ್ಟಳೆ. ನಿಮ್ಮ ಮನೆಯ ಮೊಬೈಲ್ ಫೋನಿನೊಳಗೂ ಇಂಥವು ಹಲವು ಇವೆ.

ಇನ್ನು ಆಪರೇಟಿಂಗ್ ಸಿಸ್ಟಂ. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಂತ್ರವನ್ನು ಚಾಲೂ ಮಾಡಿದಾಗಿನಿಂದ ಆರಿಸುವವರೆಗೆ ಎಚ್ಚರವಾಗಿದ್ದು, ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು, ಎಷ್ಟು ಜಾಗ ಎಂಬುದನ್ನು ಹಂಚಿಕೊಡುವ ಯಜಮಾನಿಕೆ ಅದರದು. ಮಿಕ್ಕ ಪ್ರೋಗ್ರಾಮುಗಳಿಗೆ ಇಲ್ಲದ ಅಧಿಕಾರ ಕರ್ನೆಲ್ಲಿಗೆ ಉಂಟು; ಅದು ಯಂತ್ರದ ಯಾವ ಮೂಲೆಗೂ ಕೈ ಹಾಕಬಹುದು. ಆದಕಾರಣ ಅದರಲ್ಲಿ ತಪ್ಪಾದರೆ ಒಂದು ಪ್ರೋಗ್ರಾಂ ಮಾತ್ರವಲ್ಲ, ಇಡೀ ಯಂತ್ರ ನಿಂತುಬಿಡುತ್ತದೆ. ಒಂದೊಂದು ಉಪಕರಣದ ಭಾಷೆಯನ್ನೂ ಬಲ್ಲ ಕೋಡಿನ ತುಂಡಿಗೆ ಡ್ರೈವರ್ ಎನ್ನುತ್ತಾರೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಸುಮಾರು ಹತ್ತು ಸಾವಿರ ಸಾಲುಗಳಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಈಗ ಮೂರು ಕೋಟಿ ಸಾಲುಗಳನ್ನು ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರುಗಳೇ. ಇಷ್ಟು ಸಾಮಾನು ಸೇರಿದ ಮನೆಯಲ್ಲಿ ಯಾವುದನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಾರದೆ ಇರುತ್ತದೆಯೆ? ಉಪಕರಣದ ಡ್ರೈವರಿನ ಜಾಗ ಸುಲಭವಾಗಿ ಗೊತ್ತಾಗುತ್ತದೆ. ಬಸ್ಸಿನ ಡ್ರೈವರಿನ ಜಾಗವೇ ಕಷ್ಟ.

ಮನೆಯ ವಿದ್ಯುತ್ತಿನ ಏರ್ಪಾಡನ್ನು ನೆನೆದುಕೊಳ್ಳಿ. ಗೋಡೆಯೊಳಗಿನ ತಂತಿ, ಹೋಲ್ಡರು, ಬಲ್ಬು, ಈ ಮೂರೂ ಬೇರೆ ಬೇರೆ. ಬಲ್ಬು ಮಾಡುವವನಿಗೆ ನಿಮ್ಮ ಗೋಡೆ ಇಟ್ಟಿಗೆಯದೋ ಮಣ್ಣಿನದೋ ಎಂಬ ವಿಚಾರ ಬೇಕಿಲ್ಲ. ಗೋಡೆ ಕಟ್ಟಿದವನಿಗೆ ಬಲ್ಬಿನ ವಿಚಾರ ಬೇಕಿಲ್ಲ. ನಡುವಿನ ಹೋಲ್ಡರಿನ ಅಳತೆ ಎಲ್ಲ ಕಡೆಯೂ ಒಂದೇ ಇದ್ದರೆ ಸರಿ. ಕರ್ನೆಲ್ಲಿನಲ್ಲಿ ಪ್ರೊಸೆಸರಿನ ಜಾತಿಯೇ ಗೋಡೆ, ಉಪಕರಣವೇ ಬಲ್ಬು, ಬಸ್ಸಿನ ಕೋಡೇ ತಂತಿ ಮತ್ತು ಹೋಲ್ಡರು.

ಹಿಂದೆ ಈ ಹೋಲ್ಡರಿಗೆ ಬುದ್ಧಿ ಇರಲಿಲ್ಲ. ೧೯೮೧ರ ಐಬಿಎಂ ಪಿಸಿಯಲ್ಲಿದ್ದ ಬಸ್ಸಿಗೆ ಒಂದು ಕಾರ್ಡನ್ನು ಸಿಕ್ಕಿಸಿದರೆ, ಅದು ಯಾವ ಕಾರ್ಡು, ಯಾವ ವಿಳಾಸದಲ್ಲಿದೆ ಎಂಬುದನ್ನು ಯಂತ್ರವು ತಾನಾಗಿ ತಿಳಿಯುವ ಹಾಗಿರಲಿಲ್ಲ. ಕಾರ್ಡಿನ ಮೇಲಿನ ಸಣ್ಣ ಜಂಪರುಗಳನ್ನು ಕೈಯಿಂದ ಕಿತ್ತು ಹಾಕಿ ವಿಳಾಸವನ್ನು ನಿರ್ಣಯಿಸಬೇಕಾಗಿತ್ತು. ಎರಡು ಕಾರ್ಡುಗಳಿಗೆ ಒಂದೇ ವಿಳಾಸ ಬಿದ್ದರೆ ಎರಡೂ ಕೆಡುತ್ತಿದ್ದುವು. ಅಂಥ ಬಸ್ಸಿಗೆ ಡ್ರೈವರೆಂಬುದೇ ಬೇಕಿರಲಿಲ್ಲ. ಒಂದೊಂದು ಕಾರ್ಡಿನ ಡ್ರೈವರೂ ಕತ್ತಲಲ್ಲಿ ಕೈಯಾಡಿಸಿದಂತೆ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತಿತ್ತು.

ಇಂಟೆಲ್ ಕಂಪನಿ ೧೯೯೨ರಲ್ಲಿ ಹೊರತಂದ ಪಿಸಿಐ ಬಸ್ಸಿನಿಂದ ಈ ಸ್ಥಿತಿ ಬದಲಾಯಿತು. ಅದರ ಪ್ರತಿಯೊಂದು ಕಾರ್ಡಿನಲ್ಲಿಯೂ ೨೫೬ ಬೈಟುಗಳ ಒಂದು ಪರಿಚಯಪತ್ರ ಇರುತ್ತದೆ. ಮೊದಲ ನಾಲ್ಕು ಬೈಟುಗಳಲ್ಲಿ ತಯಾರಕರ ಸಂಖ್ಯೆ, ಸರಕಿನ ಸಂಖ್ಯೆ. ಇಂಟೆಲ್ ತನಗೆ ೮೦೮೬ ಎಂಬ ಸಂಖ್ಯೆಯನ್ನು ಇಟ್ಟುಕೊಂಡಿತು. ೧೯೭೮ರಲ್ಲಿ ಅದಕ್ಕೆ ಹೆಸರು ತಂದ ಪ್ರೊಸೆಸರಿನ ನೆನಪು ಅದು. ಯಂತ್ರ ಏಳುವಾಗ ಯಾರೋ ಒಬ್ಬರು ಸಾಲಿನ ಮನೆಗಳ ಬಾಗಿಲನ್ನೆಲ್ಲ ತಟ್ಟಿ, ಈ ಪತ್ರಗಳನ್ನು ಓದಿ, ಒಬ್ಬೊಬ್ಬರಿಗೂ ವಿಳಾಸ ಕೊಟ್ಟು, ತಕ್ಕ ಡ್ರೈವರನ್ನು ಕರೆಯಬೇಕು. ಜನಗಣತಿಯ ಗುಮಾಸ್ತೆಯ ಕೆಲಸ ಅದು. ಆ ಗುಮಾಸ್ತೆಯೇ ಬಸ್ಸಿನ ಡ್ರೈವರು.

ಈ ಗುಮಾಸ್ತೆಯ ಮೇಜನ್ನು ಎಲ್ಲಿಡಬೇಕು? ಲಿನಕ್ಸಿನ ಕೋಡನ್ನು ಖಾನೆಗಳಾಗಿ ವಿಂಗಡಿಸಿಟ್ಟಿದ್ದಾರೆ. ಪ್ರೊಸೆಸರಿನ ಜಾತಿಗೊಂದು ಖಾನೆ ‘ಆರ್ಚ್’ ಎಂಬ ಕಪಾಟಿನಲ್ಲಿ. ಉಪಕರಣಗಳ ಖಾನೆಗಳು ‘ಡ್ರೈವರ್ಸ್’ ಎಂಬ ಕಪಾಟಿನಲ್ಲಿ. ೧೯೯೫ರಲ್ಲಿ ಲಿನಕ್ಸ್ ಇಂಟೆಲ್ ಯಂತ್ರಗಳನ್ನು ದಾಟಿ ಆಲ್ಫಾ ಮೊದಲಾದ ಬೇರೆ ಜಾತಿಯ ಯಂತ್ರಗಳ ಮೇಲೂ ನಡೆಯತೊಡಗಿತು. ಅದೇ ಪಿಸಿಐ ಕಾರ್ಡು ಇಲ್ಲಿಯೂ ಉಂಟು, ಅಲ್ಲಿಯೂ ಉಂಟು. ಬಸ್ಸಿನ ಕೋಡು ಇಂಟೆಲ್ಲಿನ ಖಾನೆಯಲ್ಲಿದ್ದರೆ ಮತ್ತೊಂದು ಜಾತಿಗೆ ಅದನ್ನು ಪ್ರತಿ ಮಾಡಬೇಕು. ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಉಳಿಯುತ್ತದೆ. ಕಾರ್ಡಿನ ಡ್ರೈವರಿನೊಳಗೇ ಇಟ್ಟರೆ ನೂರು ಕಾರ್ಡಿಗೆ ನೂರು ಪ್ರತಿ. ಆದುದರಿಂದ ಎಣಿಸುವುದು, ಹೊಂದಿಸುವುದು ಎಂಬ ಸಾಮಾನ್ಯ ಕೆಲಸವೆಲ್ಲ ‘ಡ್ರೈವರ್ಸ್’ ಕಪಾಟಿನಲ್ಲಿ ಪಿಸಿಐನದೇ ಆದ ಖಾನೆಗೆ ಬಂತು. ಆಯಾ ಜಾತಿಯ ಯಂತ್ರವು ಬಸ್ಸನ್ನು ಮುಟ್ಟುವ ಬಗೆ ಮಾತ್ರ ‘ಆರ್ಚ್’ನಲ್ಲಿ ಉಳಿಯಿತು.

ಈ ವಿಭಜನೆಯ ಪ್ರಯೋಜನವನ್ನು ನೋಡಬೇಕೆಂದಿದ್ದರೆ ೮೩೯೦ ಎಂಬ ಚಿಪ್ಪಿನ ಕಥೆಯನ್ನು ಕೇಳಬೇಕು. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಈ ಚಿಪ್ಪು ಒಂದು ಕಂಪ್ಯೂಟರನ್ನು ಇನ್ನೊಂದರೊಡನೆ ಜೋಡಿಸುವ ಕಾರ್ಡುಗಳಲ್ಲಿ ಇರುತ್ತಿತ್ತು. ಎನ್‌ಇ-೨೦೦೦ ಎಂಬ ಅಗ್ಗದ ಕಾರ್ಡು ಇದರಿಂದಲೇ ಹೆಸರುವಾಸಿಯಾಯಿತು. ಮೊದಲು ಹಳೆಯ ಪಿಸಿ ಬಸ್ಸಿಗೆ, ಆಮೇಲೆ ಪಿಸಿಐಗೆ, ಮಡಿಲ ಕಂಪ್ಯೂಟರುಗಳ ಪಿಸಿಎಂಸಿಐಎ ಕಿಂಡಿಗೆ, ಆಪಲ್ ಕಂಪನಿಯ ನ್ಯೂಬಸ್ಸಿಗೆ, ಅಮಿಗಾ ಯಂತ್ರದ ಜೋರೋ ಬಸ್ಸಿಗೆ, ಹೀಗೆ ಐದು ಬಗೆಯ ಬಸ್ಸಿಗೆ ಈ ಒಂದೇ ಚಿಪ್ಪನ್ನು ಕೂರಿಸಿ ಕಾರ್ಡುಗಳನ್ನು ಮಾಡಿದರು. ಲಿನಕ್ಸಿನಲ್ಲಿ ಚಿಪ್ಪಿನ ಮಾತುಕತೆಯನ್ನು ಒಂದೇ ಕಡೆ ಬರೆದಿಟ್ಟರು. ಅದನ್ನು ಬರೆದವರು ಡೊನಾಲ್ಡ್ ಬೆಕರ್. ಒಂದೊಂದು ಬಸ್ಸಿಗೂ ಸಣ್ಣದೊಂದು ಹೊದಿಕೆ ಸಾಕಾಯಿತು. ಚಿಪ್ಪಿನಲ್ಲಿ ಒಂದು ದೋಷ ಕಂಡರೆ ಒಂದೇ ಕಡೆ ತಿದ್ದಿದರೆ ಐದು ಬಗೆಯ ಯಂತ್ರಗಳೂ ಸರಿಹೋಗುತ್ತಿದ್ದುವು.

ಆದರೆ ಹೊಸ ಬಸ್ಸುಗಳು ಬಂದಂತೆ ಇನ್ನೊಂದು ತೊಡಕು ಹುಟ್ಟಿತು. ಬಸ್ಸಿಗೆ ಖಾನೆ ಕೊಟ್ಟ ಮೇಲೆ, ಬಸ್ಸಿನ ಮೇಲೆ ಕುಳಿತ ಉಪಕರಣವೂ ಅದೇ ಖಾನೆಗೆ ಸೇರಬೇಕೆ? ಫಿಲಿಪ್ಸ್ ಕಂಪನಿ ೧೯೮೨ರಲ್ಲಿ ಮಾಡಿದ ಐ-ಸ್ಕ್ವೇರ್-ಸಿ ಎಂಬ ಬಸ್ಸಿನಲ್ಲಿ ಇರುವುದು ಎರಡೇ ತಂತಿ. ಉಷ್ಣಮಾಪಕ, ಗಡಿಯಾರದ ಚಿಪ್ಪು ಮುಂತಾದ ನಿಧಾನದ ಚಿಲ್ಲರೆ ಸಾಮಾನುಗಳೆಲ್ಲ ಅದರ ಮೇಲೆ. ಮೊದಮೊದಲು ಇವನ್ನು ‘ಚಿಪ್ಸ್’ ಎಂಬ ಹೆಸರಿನಲ್ಲಿ ಬಸ್ಸಿನ ಖಾನೆಯೊಳಗೇ ತುಂಬಿದರು. ಅಡಿಗೆಮನೆಯಲ್ಲಿ ಸಿಗುತ್ತದೆಂದು ಬೆಂಕಿಪೊಟ್ಟಣ, ಊದುಬತ್ತಿ, ಮಗುವಿನ ಬಳಪ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಂತಾಯಿತು. ಕೊನೆಗೆ ಉಷ್ಣಮಾಪಕಗಳು ಉಷ್ಣಮಾಪಕಗಳ ಖಾನೆಗೆ, ಗಡಿಯಾರಗಳು ಗಡಿಯಾರಗಳ ಖಾನೆಗೆ ಹೋದುವು, ಆ ಡಬ್ಬಿಯನ್ನೇ ತೆಗೆದುಹಾಕಿದರು. ಬಸ್ಸಿನ ಖಾನೆಯಲ್ಲಿ ಬಸ್ಸನ್ನು ನಡೆಸುವವರು ಮಾತ್ರ ಉಳಿದರು. ಇದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ಉಷ್ಣಮಾಪಕದ ಕೋಡನ್ನು ಪರೀಕ್ಷಿಸಬಲ್ಲವನು ಇನ್ನೊಂದು ಉಷ್ಣಮಾಪಕವನ್ನು ಬಲ್ಲವನೇ ಹೊರತು, ಅದೇ ತಂತಿಗೆ ಗಂಟುಬಿದ್ದ ಗಡಿಯಾರವನ್ನು ಬಲ್ಲವನಲ್ಲ.

ಕ್ರಮವನ್ನು ಎಲ್ಲೆಡೆಯೂ ಪಾಲಿಸಿದ್ದಾರೆಂದು ಹೇಳಬರುವುದಿಲ್ಲ. ೧೯೯೬ರಲ್ಲಿ ಬಂದ ಯುಎಸ್‌ಬಿ ಬಸ್ಸಿನ ಸಂಗತಿಯನ್ನೇ ನೋಡಿ. ಅದಕ್ಕೆ ಸಿಕ್ಕಿಸುವ ಕ್ಯಾಮರಾದ ಡ್ರೈವರು ಚಿತ್ರಗಳ ಖಾನೆಯಲ್ಲಿದೆ. ಜಾಲದ ಕಾರ್ಡಿನದು ಜಾಲದ ಖಾನೆಯಲ್ಲಿದೆ. ಆದರೆ ನೀವು ಹಾಡು ತುಂಬಿಸಿಕೊಂಡು ಬರುವ ಪೆನ್‌ಡ್ರೈವಿನ ಡ್ರೈವರು ಮಾತ್ರ ಯುಎಸ್‌ಬಿಯ ಖಾನೆಯಲ್ಲಿಯೇ ಕುಳಿತಿದೆ. ಹಳೆಯ ಮನೆಗಳಲ್ಲಿ ಕೆಲವು ಪೆಟ್ಟಿಗೆಗಳನ್ನು ಯಾರೂ ಜರುಗಿಸುವುದಿಲ್ಲ, ನೋಡಿ, ಹಾಗೆ.

ಖಾನೆಯ ವಿಚಾರ ಬರಿಯ ಅಚ್ಚುಕಟ್ಟಿನ ವಿಚಾರವಲ್ಲವೆಂಬುದು ವಿದ್ಯುತ್ ಉಳಿತಾಯದ ಪ್ರಶ್ನೆ ಎದ್ದಾಗ ಸ್ಪಷ್ಟವಾಯಿತು. ಮಡಿಲ ಕಂಪ್ಯೂಟರಿನ ಮುಚ್ಚಳ ಹಾಕಿದರೆ ಅದು ನಿದ್ರೆಗೆ ಹೋಗಬೇಕು. ಮೊದಲು ಉಪಕರಣಗಳನ್ನು ಮಲಗಿಸಿ, ಅನಂತರ ಅವು ಕುಳಿತಿರುವ ಬಸ್ಸನ್ನು ಮಲಗಿಸಬೇಕು. ಏಳುವಾಗ ಬಸ್ಸು ಮೊದಲು, ಉಪಕರಣ ಆಮೇಲೆ. ತಿರುವು ಮುರುವಾದರೆ, ಮಲಗಿದ ಬಸ್ಸಿನ ಮೂಲಕ ಡಿಸ್ಕಿಗೆ ಅಪ್ಪಣೆ ಕಳುಹಿಸಿದಂತಾಗಿ ಯಂತ್ರ ಸ್ತಬ್ಧವಾಗುತ್ತದೆ. ಯಾರು ಯಾರ ಮೇಲೆ ಕುಳಿತಿದ್ದಾರೆ ಎಂಬ ವಂಶವೃಕ್ಷ ಒಂದೇ ಕಡೆ ಇಲ್ಲದೆ ಈ ಕೆಲಸ ಆಗುವಂತಿರಲಿಲ್ಲ. ಪ್ಯಾಟ್ರಿಕ್ ಮೋಚೆಲ್ ಎಂಬವರು ಮುಂದೆ ನಿಂತು ಅಂಥ ಸಾಮಾನ್ಯ ಮಾದರಿಯೊಂದನ್ನು ಕಟ್ಟಿದರು; ೨೦೦೩ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ ೨.೬ರಲ್ಲಿ ಅದು ನೆಲೆಗೊಂಡಿತು. ಬಸ್ಸು, ಉಪಕರಣ, ಡ್ರೈವರು ಎಂಬ ಮೂರು ಪದಗಳು ಅದರಲ್ಲಿ ಖಚಿತವಾದ ಅರ್ಥ ಪಡೆದುವು. ಯಾವ ಬಸ್ಸಿನ ಮೇಲೂ ಇಲ್ಲದೆ ಪ್ರೊಸೆಸರಿನ ಪಕ್ಕದಲ್ಲಿಯೇ ನೆಟ್ಟ ಉಪಕರಣಗಳಿಗೂ ಒಂದು ತಾಯಿ ಬೇಕಲ್ಲ? ಅದಕ್ಕಾಗಿ ‘ಪ್ಲಾಟ್‌ಫಾರಂ’ ಎಂಬ ಕಾಲ್ಪನಿಕ ಬಸ್ಸನ್ನೇ ಸೃಷ್ಟಿಸಿದರು. ಇಲ್ಲದ ಬಸ್ಸಿಗೆ ಪ್ಲಾಟ್‌ಫಾರಂ ಎಂದು ಹೆಸರಿಟ್ಟವರು ನಮ್ಮ ಊರಿನ ಬಸ್ ನಿಲ್ದಾಣವನ್ನು ಕಂಡಿದ್ದರೋ ಏನೋ!

ಈ ಕಾಲ್ಪನಿಕ ಬಸ್ಸೇ ಮುಂದೆ ದೊಡ್ಡ ಕಲಹಕ್ಕೆ ಎಡೆಯಾಯಿತು. ಮೊಬೈಲ್ ಫೋನಿನಲ್ಲಿ ಪಿಸಿಐಯಂತೆ ತನ್ನ ಪರಿಚಯ ತಾನೇ ಹೇಳುವ ಬಸ್ಸುಗಳು ಕಡಿಮೆ. ಒಂದೇ ಚಿಪ್ಪಿನೊಳಗೆ ಪ್ರೊಸೆಸರು, ಚಿತ್ರ ಬಿಡಿಸುವ ಭಾಗ, ಧ್ವನಿಯ ಭಾಗ ಎಲ್ಲವನ್ನೂ ಅಡಕಿ, ನಡುವೆ ಒಳದಾರಿಗಳನ್ನು ಹಾಕಿರುತ್ತಾರೆ. ಯಾವ ಭಾಗ ಯಾವ ವಿಳಾಸದಲ್ಲಿದೆಯೆಂದು ಯಾರಾದರೂ ಬರೆದು ತಿಳಿಸಬೇಕು. ಆರ್ಮ್ ಜಾತಿಯ ಪ್ರೊಸೆಸರನ್ನು ಬಳಸುವ ಪ್ರತಿಯೊಂದು ಕಂಪನಿಯೂ ತನ್ನ ಚಿಪ್ಪಿಗಾಗಿ ‘ಆರ್ಚ್’ ಕಪಾಟಿನ ಆರ್ಮ್ ಖಾನೆಯಲ್ಲಿ ತನ್ನದೊಂದು ಮರಿಖಾನೆಯನ್ನು ತೆರೆದು, ವಿಳಾಸಪಟ್ಟಿ, ಬಸ್ಸಿನ ಕೋಡು, ಉಪಕರಣದ ಕೋಡು ಎಲ್ಲವನ್ನೂ ಅಲ್ಲಿಯೇ ತುರುಕಿತು. ಒಬ್ಬರು ಬರೆದುದನ್ನೇ ಇನ್ನೊಬ್ಬರು ಬೇರೆ ಹೆಸರಿನಲ್ಲಿ ಬರೆದರು. ೨೦೧೧ರ ಮಾರ್ಚಿಯಲ್ಲಿ ಟೋರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಡುಕಿದರು. ಅವರು ಆಡಿದ ಮಾತು ಇಲ್ಲಿ ಹೇಳತಕ್ಕುದಲ್ಲ.

ಆಮೇಲೆ ಎರಡು ಕೆಲಸಗಳು ನಡೆದುವು. ವಿಳಾಸಪಟ್ಟಿಯನ್ನು ಕೋಡಿನಿಂದ ಬೇರ್ಪಡಿಸಿ ‘ಡಿವೈಸ್ ಟ್ರೀ’ ಎಂಬ ಪ್ರತ್ಯೇಕ ಪತ್ರದಲ್ಲಿ ಬರೆಯುವ ಪದ್ಧತಿಯನ್ನು ಆರ್ಮ್ ಯಂತ್ರಗಳಿಗೂ ತಂದರು. ಪವರ್‌ಪಿಸಿ ಯಂತ್ರಗಳಲ್ಲಿ ಅದು ಮೊದಲೇ ಬಳಕೆಯಲ್ಲಿತ್ತು. ಎರಡನೆಯದು, ಮರಿಖಾನೆಗಳಲ್ಲಿ ಅಡಗಿದ್ದ ಡ್ರೈವರುಗಳನ್ನು ಹೊರಗೆಳೆದು ‘ಡ್ರೈವರ್ಸ್’ ಕಪಾಟಿಗೆ ಸಾಗಿಸುವುದು. ಆಗ ಎದ್ದುನಿಂತಿತು ನಮ್ಮ ಪ್ರಶ್ನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಓಮ್ಯಾಪ್ ಎಂಬ ಚಿಪ್ಪಿನೊಳಗೆ ಎಲ್-೩ ಎಂಬ ಹೆದ್ದಾರಿ ಇತ್ತು. ಯಾರಾದರೂ ಇಲ್ಲದ ವಿಳಾಸಕ್ಕೆ ಹೊರಟರೆ ಆ ತಪ್ಪನ್ನು ಹಿಡಿದು ವರದಿ ಮಾಡುವ ಒಂದು ಕೋಡು ಅದಕ್ಕೆ. ಇದು ಪಿಸಿಐ ಅಲ್ಲ, ಯುಎಸ್‌ಬಿ ಅಲ್ಲ, ಜನ ಕೊಂಡು ಸಿಕ್ಕಿಸುವ ಉಪಕರಣವೂ ಅಲ್ಲ. ಆರ್ಮ್ ಖಾನೆಯವರು ಇದು ಡ್ರೈವರು, ನಮ್ಮಲ್ಲಿ ಬೇಡ ಎಂದರು. ಡ್ರೈವರುಗಳ ಕಪಾಟಿನಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಕಡೆಗೆ ೨೦೧೨ರಲ್ಲಿ ‘ಡ್ರೈವರ್ಸ್’ನೊಳಗೆ ‘ಬಸ್’ ಎಂಬ ಹೊಸ ಖಾನೆಯನ್ನೇ ತೆರೆದರು. ಎಲ್-೩ರ ಕೋಡೂ, ಯುಎಸ್‌ಬಿಯ ಒಂದು ಭಾಗಕ್ಕೆ ಸೇತುವೆಯಾಗಿದ್ದ ಇನ್ನೊಂದು ಓಮ್ಯಾಪ್ ಕೋಡೂ ಅಲ್ಲಿಗೆ ಬಂದುವು. ೧೯೮೫ರಿಂದ ಈ ಕಂಪನಿಯ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಈ ಸಾಗಾಟದಲ್ಲಿ ಅಲ್ಲಿನ ಎಂಜಿನಿಯರುಗಳ ಕೈಯೂ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ೩.೭ನೆಯ ಆವೃತ್ತಿಯಿಂದ, ಬೇರೆ ಬೇರೆ ಕಂಪನಿಗಳ ಆರ್ಮ್ ಚಿಪ್ಪುಗಳ ಮೇಲೆ ಒಂದೇ ಕರ್ನೆಲ್ ನಡೆಯುವುದು ಸಾಧ್ಯವಾಯಿತು.

ಇದರಿಂದ ನಮಗೇನೆಂದು ನೀವು ಕೇಳಬಹುದು. ಕೊಂಡು ಮೂರು ವರ್ಷವಾಗುವಷ್ಟರಲ್ಲಿ ಫೋನಿಗೆ ಹೊಸ ರಕ್ಷಣೆಯ ತಿದ್ದುಪಡಿಗಳು ಬರುವುದು ನಿಂತುಹೋಗಿ, ಯಂತ್ರ ಗಟ್ಟಿಯಾಗಿದ್ದರೂ ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ನಂಬಬಾರದು ಎನ್ನುವ ಸ್ಥಿತಿ ಎಷ್ಟೋ ಮನೆಗಳಲ್ಲಿ ಬಂದಿದೆ. ಅದಕ್ಕೆ ಹಲವು ಕಾರಣಗಳುಂಟು, ಮುಖ್ಯವಾದುದೊಂದು ಇದೇ. ಚಿಪ್ಪು ಮಾಡಿದವರು ತಮ್ಮ ಬಸ್ಸಿನ, ಉಪಕರಣದ ಕೋಡನ್ನು ಎಲ್ಲರ ಕಪಾಟಿಗೆ ಸೇರಿಸದೆ, ತಾವೇ ಇಟ್ಟುಕೊಂಡ ಪ್ರತಿಯಲ್ಲಿ ಎಲ್ಲಿ ಬೇಕೆಂದರಲ್ಲಿ ಹೊಲಿದುಬಿಡುತ್ತಾರೆ. ಮೂಲ ಕರ್ನೆಲ್ ಮುಂದೆ ಹೋಗುತ್ತದೆ. ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯುವ ಖರ್ಚನ್ನು ಹಳೆಯ ಫೋನಿಗಾಗಿ ಯಾರೂ ಮಾಡುವುದಿಲ್ಲ. ೨೦೨೧ರ ಆಂಡ್ರಾಯ್ಡ್ ೧೨ರಿಂದೀಚೆಗೆ ಗೂಗಲ್ ಕಂಪನಿ, ೫.೧೦ ಅಥವಾ ಅದಕ್ಕಿಂತ ಹೊಸ ಕರ್ನೆಲ್ಲಿನೊಡನೆ ಹೊರಬರುವ ಹೊಸ ಫೋನುಗಳಿಗೆ ಸಾಮಾನ್ಯ ಕರ್ನೆಲ್ ಒಂದನ್ನೇ ಕಡ್ಡಾಯ ಮಾಡಿ, ಚಿಪ್ಪಿನವರ ಕೋಡು ಅದರ ಹೊರಗೆ ಬೇರೆ ತುಂಡುಗಳಾಗಿ ಇರಬೇಕೆಂದು ವಿಧಿಸಿತು. ಎಲ್ಲಿಡಬೇಕೆಂಬ ಪ್ರಶ್ನೆಗೆ ವ್ಯಾಪಾರದ ಕಡೆಯಿಂದ ಬಂದ ಉತ್ತರ ಅದು.

ಇಷ್ಟೆಲ್ಲ ತಾಪತ್ರಯವೇಕೆ, ಬಸ್ಸನ್ನೂ ಉಪಕರಣವನ್ನೂ ಕರ್ನೆಲ್ಲಿನಿಂದ ಆಚೆಗೇ ಅಟ್ಟಿಬಿಡಿ ಎನ್ನುವ ಒಂದು ಪಕ್ಷವೂ ಬಹುಕಾಲದಿಂದ ಇದೆ. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ೧೯೯೨ರಲ್ಲಿಯೇ ಟೋರ್ವಾಲ್ಡ್ಸರೊಡನೆ ಈ ಬಗ್ಗೆ ಜಗಳವಾಡಿದರು. ೨೦೦೫ರಲ್ಲಿ ಅವರ ತಂಡ ಹೊರತಂದ ಮಿನಿಕ್ಸ್-೩ರಲ್ಲಿ ಪಿಸಿಐ ಬಸ್ಸಿನ ಗುಮಾಸ್ತೆಯೂ ಒಂದು ಸಾಧಾರಣ ಪ್ರೋಗ್ರಾಮಿನಂತೆ ಹೊರಗೇ ಕೂರುತ್ತಾನೆ. ಡ್ರೈವರೊಂದು ಬಿದ್ದುಹೋದರೆ ಅದನ್ನು ಮತ್ತೆ ಎಬ್ಬಿಸುವುದಕ್ಕೆ ‘ಪುನರ್ಜನ್ಮ’ ಎಂಬ ಅರ್ಥದ ಹೆಸರುಳ್ಳ ಪ್ರೋಗ್ರಾಂ ಒಂದಿದೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಸ್ಟ್ಯಾನ್‌ಫರ್ಡಿನ ಸಂಶೋಧಕರು ೨೦೦೧ರಲ್ಲಿ ಲೆಕ್ಕ ಹಾಕಿದಾಗ, ಲಿನಕ್ಸಿನ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಕರ್ನೆಲ್ಲಿನ ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಾಗಿತ್ತು.

ಆದರೆ ಹೊರಗಟ್ಟಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಉಪಕರಣಗಳು ಪ್ರೊಸೆಸರನ್ನು ಕೇಳದೆ ನೇರವಾಗಿ ನೆನಪಿನ ಭಾಗಕ್ಕೆ ಬರೆಯಬಲ್ಲವು. ಹೊರಗಿನ ಡ್ರೈವರು ತಪ್ಪು ವಿಳಾಸವನ್ನು ಕೊಟ್ಟರೆ, ಉಪಕರಣವು ಕರ್ನೆಲ್ಲಿನ ಮೇಲೆಯೇ ಬರೆದುಬಿಡುತ್ತದೆ. ಇದನ್ನು ತಡೆಯುವುದಕ್ಕೆ ಬಸ್ಸಿನ ದಾರಿಯಲ್ಲಿ ಐಒಎಂಎಂಯು ಎಂಬ ಸುಂಕದಕಟ್ಟೆ ಬೇಕು. ಆ ಸುಂಕದಕಟ್ಟೆಯ ಬೀಗದಕೈ ಕರ್ನೆಲ್ಲಿನ ಹತ್ತಿರವೇ ಇರಬೇಕು. ನನಗೆ ತೋರುವುದೇನೆಂದರೆ, ಉಪಕರಣದ ಡ್ರೈವರು ಹೊರಗೆ ಹೋಗಬಹುದು, ದಾರಿಯ ಕಾವಲು ಹೊರಗೆ ಹೋಗಲಾರದು. ಲಿನಕ್ಸಿನಲ್ಲಿಯೂ ಹಾಗೆಯೇ ನಡೆದಿದೆ. ನಿಮ್ಮ ಕಚೇರಿಯಲ್ಲಿ ಯುಎಸ್‌ಬಿಗೆ ಸಿಕ್ಕಿಸಿದ ಸ್ಕ್ಯಾನರನ್ನು ನಡೆಸುವ ಕೋಡು ಬಹುಮಟ್ಟಿಗೆ ಕರ್ನೆಲ್ಲಿನ ಹೊರಗಿನ ಸಾಧಾರಣ ಪ್ರೋಗ್ರಾಮಿನಲ್ಲಿರುತ್ತದೆ. ಯುಎಸ್‌ಬಿ ಬಸ್ಸಿನ ಯಜಮಾನ ಮಾತ್ರ ಒಳಗಿರುತ್ತಾನೆ. ೨೦೧೨ರಲ್ಲಿ ಬಂದ ವಿಎಫ್‌ಐಒ ಎಂಬ ಏರ್ಪಾಡು ಸುಂಕದಕಟ್ಟೆಯ ನೆರವಿನಿಂದ ಪಿಸಿಐ ಕಾರ್ಡುಗಳನ್ನೂ ಹೀಗೆ ಹೊರಗಿನವರ ವಶಕ್ಕೆ ಕೊಡುತ್ತದೆ.

ಒಳಗಿನ ಕಪಾಟುಗಳ ಜೋಡಣೆ ಇನ್ನೂ ಮುಗಿದಿಲ್ಲ. ಪಿಸಿಐ ಬಸ್ಸನ್ನು ಮುಟ್ಟುವ ಬಗೆ ‘ಆರ್ಚ್’ನಲ್ಲಿ ಉಳಿಯಿತೆಂದೆನಲ್ಲ, ಆರ್ಮ್ ಚಿಪ್ಪುಗಳ ಮಟ್ಟಿಗೆ ಅದೂ ೨೦೧೩ರಿಂದ ‘ಡ್ರೈವರ್ಸ್’ ಕಡೆಗೆ ಸಾಗತೊಡಗಿತು. ಅದಕ್ಕಾಗಿ ತೆರೆದ ‘ಹೋಸ್ಟ್’ ಎಂಬ ಮರಿಖಾನೆಗೆ ೨೦೧೮ರಲ್ಲಿ ‘ಕಂಟ್ರೋಲರ್’ ಎಂದು ಹೆಸರು ಬದಲಾಯಿಸಿದರು. ಇಂಟೆಲ್ ಜಾತಿಯ ಯಂತ್ರಗಳ ಪಿಸಿಐ ಕೋಡು ಮಾತ್ರ ಇಂದಿಗೂ ‘ಆರ್ಚ್’ನಲ್ಲಿಯೇ ಇದೆ. ‘ಬಸ್’ ಖಾನೆಯಲ್ಲಿ ಎಲ್-೩ರ ಜೊತೆಗೆ ಬೇರೆ ಕಂಪನಿಗಳ ಹತ್ತಾರು ಒಳದಾರಿಗಳು ಬಂದು ಸೇರಿವೆ. ೨೦೨೦ರಲ್ಲಿ ಕ್ವಾಲ್‌ಕಾಂ ಕಂಪನಿಯ ಎಂಎಚ್‌ಐ ಎಂಬುದೂ ಬಂತು. ಫೋನಿನ ಮೋಡೆಮ್ಮಿನೊಡನೆ ಮಾತನಾಡುವುದಕ್ಕೆ ಅದು ಇರುವುದು. ಅದಕ್ಕೆ ತನ್ನದೇ ಆದ ತಂತಿಯೂ ಇಲ್ಲ. ಪಿಸಿಐಯ ತಂತಿಯ ಮೇಲೆ, ಹಂಚಿಕೊಂಡ ನೆನಪಿನ ಭಾಗದಲ್ಲಿ ಚೀಟಿ ಬರೆದಿಟ್ಟು ವ್ಯವಹರಿಸುವ ಒಪ್ಪಂದವಷ್ಟೇ ಅದು. ಬಸ್ಸಿನ ಮೇಲೆ ಹತ್ತಿ ಬಂದ ಇದನ್ನು ಬಸ್ಸೆಂದೇ ಲೆಕ್ಕಕ್ಕೆ ಹಿಡಿದು ಅದೇ ಖಾನೆಯಲ್ಲಿ ಇಟ್ಟಿದ್ದಾರೆ.